ರಾಜಶೇಖರನ ಪ್ರತಿಭಾವಿಚಾರವೂ ಅಭಿರುಚಿಯ ಸಾಕ್ಷ್ಯವೂ

ಕವಿಯು ಹೇಗೆ ರಚಿಸುತ್ತಾನೆ, ಸಹೃದಯನು ಹೇಗೆ ಮೆಚ್ಚುತ್ತಾನೆ ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎತ್ತಿಕೊಂಡು ವಿಚಾರಮಾಡಿದ ಪ್ರಾಚೀನ ಲೇಖಕರಲ್ಲಿ ರಾಜಶೇಖರನು ಪ್ರಮುಖನು. ಕ್ರಿ. ಶ. 9ನೆಯ ಶತಮಾನದ ಕೊನೆಯಲ್ಲಿಯೂ 10ನೆಯದರ ಆದಿಯಲ್ಲಿಯೂ ಬಾಳಿದ ಈತನು ಕನೌಜಿನ ಪ್ರತೀಹಾರ ದೊರೆ ಮಹೇಂದ್ರಪಾಲನಿಗೆ ಗುರುವಾಗಿದ್ದನು. ಆತನ ಮಗ ಮಹೀಪಾಲನ ಆಶ್ರಯವನ್ನೂ ತ್ರಿಪುರಿಯ ಕಲಚುರಿಗಳ ಆಶ್ರಯವನ್ನೂ ಪಡೆದಿದ್ದನು. ಈತನ 'ಕಾವ್ಯಮೀಮಾಂಸೆ' 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಗ್ರಂಥಕರ್ತನು ಯೋಜಿಸಿದ 18 ಅಧಿಕರಣಗಳಲ್ಲಿ ನಮಗೆ ದೊರೆತಿರುವುದು 'ಕವಿರಹಸ್ಯ'ವೆಂಬ ಮೊದಲನೆಯದೊಂದೇ.

ಈ ಗ್ರಂಥದಲ್ಲಿ ಕರ್ಣಾಟಕರನ್ನು ಕುರಿತ ಒಂದು ಮಾತುಂಟು. ರಸ ಯಾವುದಾದರೂ ಇರಲಿ, ರೀತಿ ಯಾವುದಾದರೂ ಇರಲಿ, ಕರ್ಣಾಟಕರೆಲ್ಲರೂ ಗರ್ವದಿಂದ, ಕೊನೆಯಲ್ಲಿ ಟಂಕಾರಗೈಯುತ್ತ ಕಾವ್ಯವನ್ನು ಓದುತ್ತಾರೆಂಬುದು ಅದರ ತಾತ್ಪರ್ಯ. ಕೆಲವು ವರ್ಷಗಳ ಹಿಂದೆ ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಕ್ಕರು. ಒಬ್ಬನು ಮಾತ್ರ, ಇದನ್ನು ಅಪಮಾನವೆಂದು ತಿಳಿಯಬೇಕೋ ಸಾಕ್ಷ್ಯವೆಂದು ತಿಳಿಯಬೇಕೋ ಎಂದು ಕೇಳಿದನು. ಆ ದಿನ ಕೊಟ್ಟ ಉತ್ತರ ಈ ಲೇಖಕನಿಗೇ ಸಮಾಧಾನವನ್ನು ತರಲಿಲ್ಲ. ಆ ಪ್ರಶ್ನೆಯನ್ನು ರಾಜಶೇಖರನ ಸಿದ್ಧಾಂತದ ಬೆಳಕಿನಲ್ಲಿಯೇ ಮರಳಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಮೊದಲು ಸಿದ್ಧಾಂತವನ್ನು ನೋಡೋಣ. ಕಾವ್ಯಕ್ಕೆ ಕಾರಣವಾವುದು? ಮನಸ್ಸಿನ ಏಕಾಗ್ರತೆಯಾದ ಸಮಾಧಿಯೇ ಮುಖ್ಯವೆಂದು ಶ್ಯಾಮದೇವನೂ, ಅಭ್ಯಾಸವೇ ಮುಖ್ಯವೆಂದು ಮಂಗಲನೂ ಹೇಳಿದರೆಂದು ರಾಜಶೇಖರನು ತಿಳಿಸುತ್ತಾನೆ. ಅವನ ದೃಷ್ಟಿಯಲ್ಲಿ ಸಮಾಧಿಯು ಒಳಗಿನ ಪ್ರಯತ್ನ, ಅಭ್ಯಾಸವು ಹೊರಗಿನ ಪ್ರಯತ್ನ. ಇವೆರಡೂ ಕೂಡಿ ಶಕ್ತಿಯನ್ನು ಪ್ರಕಾಶಗೊಳಿಸುತ್ತವೆ. ಪ್ರತಿಭೆಯಾದರೋ ಎರಡು ಬಗೆ. ಕವಿಗೆ ಉಪಕಾರ ಮಾಡುವುದು ಕಾರಯಿತ್ರೀ. ಭಾವಕನಿಗೆ, ಎಂದರೆ ಕಾವ್ಯವನ್ನು ಅರಿತು ಸವಿಯುವವನಿಗೆ, ಉಪಕಾರ ಮಾಡುವುದು ಭಾವಯಿತ್ರೀ. ರಚಿಸುವ ಸಾಮರ್ಥ್ಯವೊಂದನ್ನೇ ಪ್ರತಿಭೆಯೆಂದು ಎಣಿಸದೆ, ಸವಿಯುವ ಸಾಮರ್ಥ್ಯಕ್ಕೂ ಅದೇ ಹೆಸರನ್ನು ಕೊಟ್ಟುದು ಸಾಮಾನ್ಯವಾದ ಮಾತಲ್ಲ. ಭಾವಕನಿಲ್ಲದಿದ್ದರೆ ಕವಿಯ ಶ್ರಮವೆಂಬ ಮರ ಫಲಬಿಡದೆ ಹೋಗುತ್ತದೆಂಬುದು ಅವನ ಮತ.

ಸ್ಫೂರ್ತಿಯ ವಿಷಯದಲ್ಲಿ ರಾಜಶೇಖರನು ಸ್ವಪ್ನಜೀವಿಯಲ್ಲ. ಕವಿಯ ದಿನವನ್ನು ಅವನು ನಾಲ್ಕು ಯಾಮಗಳಾಗಿ ಹಂಚುತ್ತಾನೆ. ಮೊದಲನೆಯದರಲ್ಲಿ ಸಂಧ್ಯೋಪಾಸನೆ ಮತ್ತು ವಿದ್ಯೆಗಳ ವ್ಯಾಸಂಗ; ಎರಡನೆಯದರಲ್ಲಿ ರಚನೆ; ಮಧ್ಯಾಹ್ನದ ಅನಂತರ ಕಾವ್ಯಗೋಷ್ಠಿ; ನಾಲ್ಕನೆಯದರಲ್ಲಿ ಬೆಳಗ್ಗೆ ರಚಿಸಿದುದರ ಪರೀಕ್ಷೆ. ಈ ಪರೀಕ್ಷೆಗೆ ಅವನು ಕೊಡುವ ಕಾರಣ ಮನನೀಯವಾಗಿದೆ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚಕ ದೃಷ್ಟಿ ಇರುವುದಿಲ್ಲ. ಆದುದರಿಂದ ಆವೇಶ ತಣಿದ ಮೇಲೆ ಹೆಚ್ಚಾದುದನ್ನು ತೆಗೆದು, ಕಡಮೆಯಾದುದನ್ನು ತುಂಬಿ, ತಪ್ಪಿದುದನ್ನು ಸರಿಪಡಿಸಬೇಕು. ಹಲಗೆ, ಬಳಪ, ಲೇಖನಿ, ಮಸಿ, ತಾಳೆಗರಿ, ಭೂರ್ಜಪತ್ರ, ಕಬ್ಬಿಣದ ಕಂಟ ಮೊದಲಾದ ಉಪಕರಣಗಳನ್ನು ಕೂಡ ಅವನು ಎಣಿಸಿ ಹೇಳುತ್ತಾನೆ. ಆ ಕಾಲದ ವಿದ್ಯಾವಂತನ ದಿನಚರಿಯನ್ನು ತಿಳಿಯಬಯಸುವ ಇತಿಹಾಸಕಾರನಿಗೆ ಇಷ್ಟು ಸ್ಪಷ್ಟವಾದ ಚಿತ್ರ ಅಪರೂಪ.

ಭಾವಕರನ್ನೂ ಅವನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾನೆ. ಏನನ್ನೂ ರುಚಿಸದ ಅರೋಚಕಿ. ಹುಲ್ಲನ್ನೂ ಬಿಡದೆ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ. ಗುಣವನ್ನು ಕಂಡರೂ ಬಾಯಿ ಬಿಡದ ಮತ್ಸರಿ. ತಿರುಳನ್ನೇ ಹಿಡಿಯುವ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರಕ್ಕೊಬ್ಬನು. ಕಣ್ಣೆದುರಿಗಿರುವ ಕವಿಯ ಕಾವ್ಯವು ಜನಕ್ಕೆ ರುಚಿಸುವುದು ವಿರಳವೆಂದು ಅವನು ಹೇಳುವಾಗ ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ನೆನಪಾಗುತ್ತದೆ. ಹೆಂಗಸರೂ ಗಂಡಸರಂತೆ ಕವಿಗಳಾಗಬಲ್ಲರು, ಸಂಸ್ಕಾರವು ಆತ್ಮಕ್ಕೆ ಸೇರಿದುದು, ಅದಕ್ಕೆ ಸ್ತ್ರೀಪುರುಷಭೇದವಿಲ್ಲ ಎಂಬ ಅವನ ಮಾತೂ ಇಲ್ಲಿ ಸ್ಮರಣೀಯ. ಅದು ಬಾಯಿಮಾತಲ್ಲ, ಚಾಹಮಾನ ಕುಲದವಳಾದ ತನ್ನ ಪತ್ನಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಅವನು ಆಚಾರ್ಯರ ಮತಗಳ ಸಾಲಿನಲ್ಲಿಯೇ ಹೆಸರಿಸಿ ಎತ್ತಿಕೊಂಡಿದ್ದಾನೆ.

ಇಷ್ಟು ಎಚ್ಚರವುಳ್ಳ ಲೇಖಕನು ಬೇರೆ ಬೇರೆ ದೇಶದವರು ಕಾವ್ಯವನ್ನು ಓದುವ ಬಗೆಯನ್ನು ವಿಮರ್ಶಿಸತೊಡಗಿದಾಗ ಏನಾಗುತ್ತದೆ? ಕಾಶ್ಮೀರದವರು ಒಳ್ಳೆಯ ಕವಿಗಳಾದರೂ ಅವರ ಓದು ಕಿವಿಗೆ ಅಮೃತಬಳ್ಳಿಯ ಕಹಿರಸವನ್ನು ಹೊಯ್ದಂತೆ, ಲಾಟರು ಸಂಸ್ಕೃತದ್ವೇಷಿಗಳು, ಪ್ರಾಕೃತವನ್ನು ಸೊಗಸಾಗಿ ಓದಬಲ್ಲವರು, ಗೌಡರಿಗೆ ಪ್ರಾಕೃತ ಒಗ್ಗದು, ದ್ರವಿಡರು ಗದ್ಯವನ್ನೂ ಹಾಡಿನಂತೆ ಓದುವವರು, ಕರ್ಣಾಟಕರದು ಟಂಕಾರ. ಕಿವಿಗೆ ಜೇನು ಸುರಿಯುವ ಓದು ಪಾಂಚಾಲ ಮಂಡಲದವರದು. ಆ ಪಾಂಚಾಲ ಮಂಡಲವಾದರೋ ಅವನ ಆಶ್ರಯದಾತರ ರಾಜಧಾನಿ ಕನೌಜಿನ ಸುತ್ತಣ ನಾಡು.

ಇದನ್ನು ಕೇವಲ ರಾಜಕೀಯ ವೈರವೆಂದು ವಿವರಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. 8ನೆಯ ಶತಮಾನದ ಕೊನೆಯಲ್ಲಿ ಧ್ರುವನು ವತ್ಸರಾಜನನ್ನು ಸೋಲಿಸಿದಂದಿನಿಂದ ರಾಷ್ಟ್ರಕೂಟರಿಗೂ ಪ್ರತೀಹಾರರಿಗೂ ಹಗೆ ಬೆಳೆದುಬಂದಿತ್ತು. ರಾಜಶೇಖರನು ತನ್ನ 'ಬಾಲಭಾರತ' ನಾಟಕದಲ್ಲಿ ಮಹೀಪಾಲನನ್ನು ಕುಂತಲರೇ ಮೊದಲಾದವರನ್ನು ಗೆದ್ದವನೆಂದು ಹೊಗಳಿದ್ದಾನೆ. ಕುಂತಲವೆಂದರೆ ನಮ್ಮ ನಾಡೇ. ಆದರೆ ಸುಮಾರು 916ರಲ್ಲಿ ರಾಷ್ಟ್ರಕೂಟ ಮೂರನೆಯ ಇಂದ್ರನು ಯಮುನೆಯನ್ನು ದಾಟಿ ಕನೌಜನ್ನು ಹಾಳುಗೆಡವಿದನೆಂದು 930ರ ಖಂಬಾಯತದ ತಾಮ್ರಪಟಗಳಿಂದ ತಿಳಿದುಬರುತ್ತದೆ. ಆ ದಂಡಯಾತ್ರೆಯಲ್ಲಿ ಪಾಲ್ಗೊಂಡ ವೇಮುಲವಾಡದ ಚಾಳುಕ್ಯ ನರಸಿಂಹನು ಪಂಪನ ಆಶ್ರಯದಾತ ಅರಿಕೇಸರಿಯ ತಂದೆ. ಮಹೀಪಾಲನು ನಿಂತಲ್ಲಿ ನಿಲ್ಲದೆ ಓಡಿದುದನ್ನೂ ನರಸಿಂಹನು ಗಂಗೆಯಲ್ಲಿ ತನ್ನ ಕುದುರೆಗಳನ್ನು ಮೀಯಿಸಿದುದನ್ನೂ ಪಂಪನು 941ರ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಹೇಳಿದ್ದಾನೆ. ಒಬ್ಬನೇ ಅರಸನು ಒಬ್ಬ ಕವಿಗೆ ಕುಂತಲವಿಜೇತನು; ಇನ್ನೊಬ್ಬನಿಗೆ ಬೆನ್ನುಕೊಟ್ಟು ಓಡಿದವನು.

ಆದರೂ ವೈರವೊಂದೇ ಕಾರಣವೆಂದರೆ ವಿಷಯವನ್ನು ಸರಳಗೊಳಿಸಿದಂತಾಗುತ್ತದೆ. ರಾಜಶೇಖರನ ಯಾಯಾವರ ವಂಶವು ಮಹಾರಾಷ್ಟ್ರಕ್ಕೆ ಸೇರಿದುದು. ಆ ನಾಡು ಅಂದು ರಾಷ್ಟ್ರಕೂಟರ ಆಳ್ವಿಕೆಯಲ್ಲಿಯೇ ಇದ್ದಿತು. ಎಂದರೆ, ದಕ್ಷಿಣಾಪಥದ ಮನೆತನದವನೊಬ್ಬನು ಉತ್ತರದ ಆಸ್ಥಾನದಲ್ಲಿ ನೆಲೆಸಿ, ಅಲ್ಲಿಯ ಕಿವಿಯನ್ನು ತನ್ನದಾಗಿಸಿಕೊಂಡನು. ಆ ಕಿವಿಗೆ ಹಿತವಾದುದು ಅವನಿಗೆ ಗುಣವೆಂದೂ, ಅಹಿತವಾದುದು ದೋಷವೆಂದೂ ತೋರಿತು. ವೈಯಕ್ತಿಕವೆಂದು ನಾವು ಭಾವಿಸುವ ಅಭಿರುಚಿಯಲ್ಲಿ ಊರು, ಆಸ್ಥಾನ, ಗೋಷ್ಠಿಗಳ ಪಾಲು ಎಷ್ಟೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ದ್ವೇಷವಾದರೆ ದ್ವೇಷಿಸುವವನಿಗೆ ಗೊತ್ತಿರುತ್ತದೆ. ರೂಢಿಯಿಂದ ಬಂದ ರುಚಿ ಅವನಿಗೂ ತಿಳಿಯದಂತೆ ಕೆಲಸ ಮಾಡುತ್ತದೆ.

ಇಲ್ಲಿಯೇ ರಾಜಶೇಖರನ ಕೊರತೆ ಕಂಡುಬರುವುದು. ಕವಿಗೆ ಅವನು ವಿಧಿಸಿದ ನಾಲ್ಕನೆಯ ಯಾಮದ ಪರೀಕ್ಷೆಯನ್ನು ಭಾವಕನಿಗೆ ವಿಧಿಸಲಿಲ್ಲ. ಭಾವಕರ ದೋಷಗಳನ್ನು ಹೆಸರಿಸಿದನೇ ಹೊರತು, ಭಾವಕನು ತನ್ನ ಮೆಚ್ಚುಗೆಯನ್ನು ತಾನೇ ಹೇಗೆ ತೂಗಿನೋಡಬೇಕೆಂಬುದನ್ನು ಹೇಳಲಿಲ್ಲ. ಆಶ್ಚರ್ಯವೆಂದರೆ ಅದಕ್ಕೆ ಬೇಕಾದ ಸೂತ್ರವು ಅವನ ಗ್ರಂಥದಲ್ಲಿಯೇ ಇದೆ. ವಸ್ತುವಿಗೆ ನಿಯತವಾದ ಸ್ವಭಾವವಿಲ್ಲ, ಹೇಳುವವನ ಉಕ್ತಿಚಾತುರ್ಯದಿಂದಲೇ ಅದರ ರೂಪ ತೋರುತ್ತದೆಂಬುದು ಅವಂತಿಸುಂದರಿಯ ಮತ. ಒಬ್ಬನೇ ಚಂದ್ರನು ಸ್ತುತಿಸುವವನಿಗೆ ಒಂದು ಬಗೆ, ನಿಂದಿಸುವವನಿಗೆ ಇನ್ನೊಂದು ಬಗೆ. ಪತ್ನಿಯ ಈ ಮಾತನ್ನು ಪತಿಯು ತನ್ನ ತೀರ್ಪುಗಳಿಗೂ ಅನ್ವಯಿಸಿಕೊಂಡಿದ್ದರೆ ಕರ್ಣಾಟಕರ ಓದನ್ನು ಕುರಿತು ಅಷ್ಟು ನಿಶ್ಚಯವಾಗಿ ಹೇಳುತ್ತಿರಲಿಲ್ಲ.

ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಆ ಮಾತು ಸಾಕ್ಷ್ಯವೇ. ಆದರೆ ಅದು ಎರಡು ವಿಷಯಗಳಿಗೆ ಸಾಕ್ಷ್ಯ. ಕ್ರಿ. ಶ. 900ರ ಸುಮಾರಿನಲ್ಲಿ ಕರ್ಣಾಟಕರ ಕಾವ್ಯಪಠನಕ್ಕೆ ಉತ್ತರದವರೂ ಗುರುತಿಸುವಂತಹ ತನ್ನದೇ ಧಾಟಿಯೊಂದು ಇದ್ದಿತೆಂಬುದು ಮೊದಲನೆಯದು. ಕನೌಜಿನ ಗೋಷ್ಠಿಗಳ ಕಿವಿ ಹೇಗೆ ಪಳಗಿತ್ತೆಂಬುದು ಎರಡನೆಯದು. ಕರ್ಣಾಟಕರಿಗೆ ರಸಜ್ಞತೆ ಇರಲಿಲ್ಲವೆಂಬುದಕ್ಕೆ ಮಾತ್ರ ಅದು ಸಾಕ್ಷ್ಯವಾಗಲಾರದು.

ಹಾಗೆಂದು ನಾವು ನಮ್ಮವರ ತೀರ್ಪನ್ನು ಪರೀಕ್ಷೆಯಿಲ್ಲದೆ ಒಪ್ಪುವುದೂ ಸಲ್ಲದು. ಅದೇ 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ'ವು ಕನ್ನಡಿಗರು ಶಾಸ್ತ್ರವನ್ನು ಓದದೆಯೂ ಕಾವ್ಯದಲ್ಲಿ ನಿಪುಣರೆಂದು ಕೊಂಡಾಡಿತು. ಅದನ್ನು ಓದುವಾಗ ಎದೆ ಉಬ್ಬುವುದು ಸಹಜ. ಈ ಲೇಖಕನೂ ಅದಕ್ಕೆ ಹೊರತಲ್ಲ. ಆದರೆ ಆ ಹೊಗಳಿಕೆಯೂ ಒಂದು ಆಸ್ಥಾನದಲ್ಲಿ ಹುಟ್ಟಿದ ಮಾತೇ. ರಾಜಶೇಖರನ ಟಂಕಾರವನ್ನು ಒರೆಗೆ ಹಚ್ಚಿದ ಕಲ್ಲಿಗೆ ಇದನ್ನೂ ಹಚ್ಚಬೇಕು. ಸಾಹಿತ್ಯವನ್ನು ಆಕರವಾಗಿ ಬಳಸುವ ಇತಿಹಾಸಾಭ್ಯಾಸಿಗೆ ನಾಲ್ಕನೆಯ ಯಾಮವೆಂದರೆ ಇದೇ: ಮೆಚ್ಚುಗೆಯ ಆವೇಶ ತಣಿದ ಮೇಲೆ, ಮೆಚ್ಚಿದವನು ಯಾರು, ಎಲ್ಲಿ ಕುಳಿತು ಮೆಚ್ಚಿದನು ಎಂದು ಕೇಳುವುದು.