ರಕ್ತದೊತ್ತಡ ಮತ್ತು ಕಾಲುವೆಯ ಉಪಮೆ: ಒಂದು ವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬೋಧಿಸುವವರಿಗೆ ಉಪಮೆಯ ಆಶ್ರಯ ಅನಿವಾರ್ಯ. ಆದರೆ ಕಾವ್ಯದ ಉಪಮೆಗೂ ಶಾಸ್ತ್ರದ ಉಪಮೆಗೂ ಮುಖ್ಯವಾದ ಭೇದವೊಂದುಂಟು. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಚಂದ್ರನ ಕಲೆಯನ್ನು ಯಾರೂ ಮುಖದಲ್ಲಿ ಹುಡುಕುವುದಿಲ್ಲ. ಶಾಸ್ತ್ರದಲ್ಲಾದರೋ ಹೋಲಿಕೆಯ ಎಲ್ಲೆಯನ್ನು ತೋರಿಸದಿದ್ದರೆ ವಿದ್ಯಾರ್ಥಿಯು ಉಪಮಾನದ ಎಲ್ಲ ಧರ್ಮಗಳನ್ನೂ ಉಪಮೇಯದ ಮೇಲೆ ಹೇರಿಬಿಡುತ್ತಾನೆ.

ರಕ್ತಪರಿಚಲನೆಗೆ ರೂಢಿಯಲ್ಲಿರುವ ಉಪಮೆ ನೀರಾವರಿಯದು: ಹೃದಯವು ನೀರೆತ್ತುವ ಪಂಪು, ರಕ್ತನಾಳಗಳು ಕಾಲುವೆಗಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಕಾರಟಗಿಯ ಕಡೆಯ ವಿದ್ಯಾರ್ಥಿಗೆ ಇದು ಸುಲಭಗ್ರಾಹ್ಯ. ಮುಖ್ಯ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಹಾಗೆಯೇ ಮಹಾಧಮನಿಯಿಂದ ಧಮನಿ, ಕಿರುಧಮನಿ, ಲೋಮನಾಳ. ಕವಲುಗಳ ಮಟ್ಟಿಗೆ ಹೋಲಿಕೆ ಸಾಧುವಾದುದೇ. ಒತ್ತಡದ ಏರಿಳಿತದ ಪ್ರಶ್ನೆ ಬಂದೊಡನೆ ಮಾತ್ರ ಅದು ಸೋಲುತ್ತದೆ.

ಕಾಲುವೆಯ ದಂಡೆ ಜಡ. ಧಮನಿಯ ಗೋಡೆ ಸಜೀವ. ಕುದುರೆಯ ಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮೇಲೇರಿ ಮಿಡಿತ ಮಿಡಿತಕ್ಕೂ ಏರಿಳಿದುದನ್ನು ಸ್ಟೀಫನ್ ಹೇಲ್ಸನು 1733ರಲ್ಲಿ ಪ್ರಕಟಿಸಿದನು. ಆರೋಗ್ಯವಂತನಲ್ಲಿ ಒತ್ತಡವು ಹೃದಯದ ಸಂಕೋಚದಲ್ಲಿ ಸುಮಾರು 120, ವ್ಯಾಕೋಚದಲ್ಲಿ ಸುಮಾರು 80 ಮಿಲಿಮೀಟರು ಪಾದರಸದಷ್ಟಿರುತ್ತದೆ. ವ್ಯಾಕೋಚದಲ್ಲಿ ಎಡ ಹೃತ್ಕುಕ್ಷಿಯೊಳಗಿನ ಒತ್ತಡ ಶೂನ್ಯಕ್ಕೆ ಸಮೀಪಿಸಿದರೂ ಧಮನಿಯಲ್ಲಿ 80 ಉಳಿಯುವುದೇಕೆ? ಸಂಕೋಚದಲ್ಲಿ ಹಿಗ್ಗಿದ ಗೋಡೆ ಮರಳಿ ಕುಗ್ಗುತ್ತ ರಕ್ತವನ್ನು ಮುಂದೊತ್ತುವುದರಿಂದ. ಮುಪ್ಪಿನಲ್ಲಿ ಗೋಡೆ ಪೆಡಸಾದಂತೆ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯತೊಡಗುತ್ತದೆ. ಇಲ್ಲಿ ಪಂಪಿನ ದೋಷವಿಲ್ಲ. ನಾಳದ ಗುಣ ಮಾರ್ಪಟ್ಟಿದೆ.

ಇನ್ನು ಕಿರುಧಮನಿಗಳು. ಇವನ್ನು ಕಾಲುವೆಯ ತೂಬಿಗೆ ಹೋಲಿಸಬಹುದು. ನಾಳದ ತ್ರಿಜ್ಯ ಅರ್ಧವಾದರೆ ಹರಿವಿಗೆ ತಡೆ ಹದಿನಾರು ಪಟ್ಟಾಗುತ್ತದೆ. ಹೃದಯ ನಿಮಿಷಕ್ಕೆ ಹೊರಡಿಸುವ ರಕ್ತ ಮತ್ತು ಈ ತಡೆ, ಇವೆರಡರ ಗುಣಲಬ್ಧವೇ ಸರಾಸರಿ ಒತ್ತಡವೆನ್ನಬಹುದು. ಬದುವಿನ ಮೇಲೆ ಬಿರುಸಾಗಿ ನಡೆಯುವವನ ಹೃದಯ ಹೆಚ್ಚು ರಕ್ತವನ್ನು ನೂಕಿದರೂ ಕಾಲಿನ ಸ್ನಾಯುಗಳಲ್ಲಿ ನಾಳಗಳು ಅರಳುವುದರಿಂದ ಕೆಳಗಿನ ಅಂಕಿ ಹೆಚ್ಚು ಬದಲಾಗುವುದಿಲ್ಲ. ಹೊರಸಿನಿಂದ ಥಟ್ಟನೆ ಎದ್ದವನಲ್ಲಿ ರಕ್ತ ಕಾಲಿಗಿಳಿದು ಒತ್ತಡ ತಗ್ಗುತ್ತದೆ. ಕೊರಳಿನ ಧಮನಿಯಲ್ಲಿರುವ ನರಾಗ್ರಗಳು ಅದನ್ನರಿತು, ಕೆಲವೇ ಕ್ಷಣಗಳಲ್ಲಿ ಹೃದಯವನ್ನು ತ್ವರೆಗೊಳಿಸಿ ನಾಳಗಳನ್ನು ಬಿಗಿಸುತ್ತವೆ. ತನ್ನ ನೀರಿನ ಮಟ್ಟವನ್ನು ತಾನೇ ಅಳೆದು ತೂಬನ್ನು ತಿರುಗಿಸುವುದು ಸಾಮಾನ್ಯ ಕಾಲುವೆಯ ಗುಣವಲ್ಲ.

ಇದು ಬರಿಯ ಪಂಡಿತರ ತಕರಾರಲ್ಲ. ನಮ್ಮ ಆಡುಮಾತಿನಲ್ಲಿ ಬಿ.ಪಿ. ಎಂಬುದು ರೋಗದ ಹೆಸರಾಗಿಬಿಟ್ಟಿದೆ: ಬಿ.ಪಿ. ಬಂತು, ಬಿ.ಪಿ. ಹೋಯಿತು. ವಾಸ್ತವವಾಗಿ ಅದಿಲ್ಲದೆ ಯಾರೂ ಜೀವಿಸಲಾರರು. ಸಾಮಾನ್ಯವಾಗಿ ನಿದ್ರೆಯಲ್ಲಿ ಒತ್ತಡವು ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ; ವೈದ್ಯರೆದುರಿನ ಆತಂಕದಲ್ಲಿ ಏರಬಹುದು. ಇದನ್ನರಿಯದವನು ಒಂದೇ ಅಳತೆಯನ್ನು ಕಾಲುವೆಯ ಮಟ್ಟಗೋಲಿನ ಗುರುತಿನಂತೆ ಭಾವಿಸಿ, ಅಂಕಿ ಇಳಿದ ದಿನವೇ ಗುಳಿಗೆಯನ್ನು ಬಿಟ್ಟುಬಿಡುತ್ತಾನೆ. ಇಳಿದದ್ದು ಗುಳಿಗೆಯಿಂದ, ಬಿಟ್ಟರೆ ಒತ್ತಡ ಸಾಮಾನ್ಯವಾಗಿ ಮತ್ತೆ ಏರಿ, ಸದ್ದಿಲ್ಲದೆ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಆದುದರಿಂದ ಉಪಮೆಯನ್ನು ತ್ಯಜಿಸಬೇಕಾಗಿಲ್ಲ, ತಿದ್ದಿದರೆ ಸಾಕು. ಕಾಲುವೆಯನ್ನು ತೋರಿಸಿದ ಅಧ್ಯಾಪಕನು ಮರುಮಾತಿನಲ್ಲಿಯೇ ಅದರ ದಂಡೆ ಹಿಗ್ಗದು, ಕುಗ್ಗದು ಎಂಬುದನ್ನೂ ಹೇಳಬೇಕು. ಸಾದೃಶ್ಯದಷ್ಟೇ ವ್ಯತ್ಯಾಸವನ್ನೂ ಕಲಿಸುವುದು ಶಾಸ್ತ್ರಬೋಧನೆಯ ಧರ್ಮ.