ದಂಡಿನ ವೈದ್ಯನ ವಂಶಸ್ಥರು

ಅಮೆರಿಕದಲ್ಲಿ ಮನೆತನದ ಮೂಲ ಹುಡುಕುವುದು ದೊಡ್ಡ ಹವ್ಯಾಸ. 1775ರಿಂದ 1783ರವರೆಗೆ ಬ್ರಿಟನ್ನಿನ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದಲ್ಲಿ ದುಡಿದ ಹಿರಿಯನೊಬ್ಬ ಸಿಕ್ಕಿಬಿಟ್ಟರೆ ಆ ಮನೆತನದ ತೂಕವೇ ಬೇರೆ. ಆತ ಜರ್ಮನಿಯಿಂದಲೋ ಐರ್ಲೆಂಡಿನಿಂದಲೋ ವಲಸೆ ಬಂದು ಸೈನ್ಯದಲ್ಲಿ ಸರ್ಜನ್ ಆಗಿದ್ದವನಾದರಂತೂ ಕೇಳುವುದೇ ಬೇಡ. ವಿದ್ಯಾವಂತ, ಜೀವ ಉಳಿಸಿದವ, ಹೊಸ ನಾಡನ್ನು ತಾನಾಗಿಯೇ ಆರಿಸಿಕೊಂಡವ ಎಂಬ ಮೂರು ಹಿರಿಮೆಗಳೂ ಒಬ್ಬನಲ್ಲೇ ಕೂಡಿಬರುತ್ತವೆ. ಈ ಹುಡುಕಾಟದ ಹಿಂದಿರುವ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ತಕರಾರಿರುವುದು ಅದು ಕೇಳುವ ಪ್ರಶ್ನೆಯ ಬಗ್ಗೆ. ‘ಅವನು ನಮ್ಮವನು’ ಎಂದು ರುಜುವಾತು ಮಾಡಲು ಪಡುವ ಪಾಡಿನ ಕಾಲುಭಾಗವನ್ನೂ ‘ಅವನು ಮಾಡಿದ್ದೇನು’ ಎಂದು ತಿಳಿಯಲು ಈ ಜನ ಪಡುವುದಿಲ್ಲ.

ಇದಕ್ಕೆ ಚಾರಿತ್ರಿಕ ಕಾರಣವಿದೆ. ಈ ಹುಡುಕಾಟದ ರೀತಿ ರಿವಾಜುಗಳು ರೂಪುಗೊಂಡದ್ದು ಸಂಘಗಳ ಸದಸ್ಯತ್ವದ ಅರ್ಜಿಯ ಮೇಲೆ. ‘ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ 1889ರಲ್ಲಿ, ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ 1890ರಲ್ಲಿ ಹುಟ್ಟಿದವು. ಯುರೋಪಿನ ಬಡವರು ಹಡಗು ತುಂಬಿ ಬಂದಿಳಿಯುತ್ತಿದ್ದ ಕಾಲ ಅದು. ಮೊದಲು ಬಂದವರಿಗೆ ತಾವೇ ಮೊದಲು ಬಂದವರೆಂದು ತೋರಿಸಿಕೊಳ್ಳುವ ಆತುರ. ನೂರು ವರ್ಷ ಹಿಂದಿನ ವಲಸಿಗನಿಗೆ ಹಾರ ಹಾಕಿ, ಬಂದರಿನಲ್ಲಿ ಈಗಷ್ಟೇ ಇಳಿದ ವಲಸಿಗನನ್ನು ದೂರವಿಡಲು ವಂಶಾವಳಿ ಒಳ್ಳೆಯ ಬೇಲಿಯಾಯಿತು. 1939ರಲ್ಲಿ ಕಪ್ಪು ವರ್ಣೀಯ ಗಾಯಕಿ ಮರಿಯನ್ ಆ್ಯಂಡರ್ಸನ್‌ಗೆ ಡಾಟರ್ಸ್ ಸಂಘ ತನ್ನ ಸಭಾಂಗಣವನ್ನು ಕೊಡದೆ ಹೋದದ್ದು ಇಡೀ ದೇಶದಲ್ಲಿ ಸುದ್ದಿಯಾಯಿತು. ನಮ್ಮ ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲ ಮನೆಯ ತಲೆಮಾರುಗಳನ್ನು ಹೇಳಿ ಕಾಳು ಪಡೆಯುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವ ಯಜಮಾನನ ಎದುರು ಹಿರಿಯರ ಕೊರತೆಯನ್ನು ಯಾರೂ ಹಾಡುವುದಿಲ್ಲ. ಸಂಘದ ಅರ್ಜಿಯದೂ ಅದೇ ಗುಣ.

ಆದರೂ ಈ ಪದ್ಧತಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ಅರ್ಜಿ ಹಾಕುವವರು ತಮ್ಮಿಂದ ಆ ಹಿರಿಯನವರೆಗೆ ಪ್ರತಿ ತಲೆಮಾರಿನ ಕೊಂಡಿಯನ್ನೂ ದಾಖಲೆಯಿಂದ ಬೆಸೆಯಬೇಕು. ಅಜ್ಜಿ ಹೇಳಿದ ಕತೆ ಸಾಲದು. ಈ ಕಟ್ಟುನಿಟ್ಟಿಗೆ ಕಾರಣ ಇಲ್ಲದಿಲ್ಲ. 20ನೇ ಶತಮಾನದ ಆರಂಭದಲ್ಲಿ ಸ್ವೀಡನ್ ಮೂಲದ ಗುಸ್ಟಾವ್ ಆಂಜೂ ಎಂಬಾತ ಅಮೆರಿಕದ ಸಿರಿವಂತರಿಗೆ ಹೇಳಿದಂತೆ ವಂಶಾವಳಿ ಕಟ್ಟಿಕೊಟ್ಟು ಹಣ ಮಾಡಿದ. ನಿಜವಾದ ದಾಖಲೆಗಳ ನಡುವೆ ಸೇರಿಸಿದ ಅವನ ಸುಳ್ಳುಗಳು ಇಂದಿಗೂ ಒಂದರಿಂದೊಂದಕ್ಕೆ ನಕಲಾಗುತ್ತಿವೆ. 1964ರಲ್ಲಿ ಶುರುವಾದ ವಂಶಶಾಸ್ತ್ರಜ್ಞರ ಪ್ರಮಾಣೀಕರಣ ಮಂಡಳಿಯ ಸೂತ್ರದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸುತ್ತದೆ: ವಿರುದ್ಧವಾಗಿ ನಿಲ್ಲುವ ಸಾಕ್ಷ್ಯವನ್ನು ಬಚ್ಚಿಡದೆ ಎದುರಿಸಿ ಪರಿಹರಿಸಬೇಕು. ನಮ್ಮ ಎಷ್ಟೋ ಮನೆತನದ ಚರಿತ್ರೆಗಳಿಗೂ ಈ ಸೂತ್ರ ಬೇಕಿತ್ತು.

ಹುಡುಕುವವರ ಕೈಗೆ ಸಿಗುವ ಕಾಗದಪತ್ರಗಳದೇ ಒಂದು ಕತೆ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಸೈನ್ಯದ ಮೂಲ ಕಡತಗಳ ಬಹುಭಾಗ ಸುಟ್ಟುಹೋಯಿತು. ಇಲಾಖೆ ಆಮೇಲೆ ಬೇರೆ ಬೇರೆ ಕಡೆಯಿಂದ ಹಾಜರಿ ಪಟ್ಟಿ, ಸಂಬಳದ ಪಟ್ಟಿಗಳನ್ನು ಕೂಡಿಸಿತು. 1894ರಲ್ಲಿ ಫ್ರೆಡ್ ಏನ್ಸ್‌ವರ್ತ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಅವುಗಳಲ್ಲಿನ ಒಂದೊಂದು ಹೆಸರನ್ನೂ ಕಾರ್ಡಿಗಿಳಿಸಿ, ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಲಕೋಟೆ ಮಾಡುವ ಕೆಲಸ ಆರಂಭವಾಯಿತು. ಈ ಏನ್ಸ್‌ವರ್ತ್ ಸೈನ್ಯಕ್ಕೆ ಸೇರಿದ್ದೇ ಸರ್ಜನ್ ಆಗಿ. ಹಳೆಯ ಯುದ್ಧದ ಸರ್ಜನ್‌ಗಳನ್ನು ಇಂದು ಹುಡುಕುವವರು ಇನ್ನೊಬ್ಬ ಸರ್ಜನ್ ಹಾಕಿಕೊಟ್ಟ ದಾರಿಯಲ್ಲೇ ನಡೆಯುತ್ತಿದ್ದಾರೆ.

ಇನ್ನೊಂದು ಗಣಿ ಪಿಂಚಣಿ ಕಡತಗಳು. ಸುಮಾರು 80,000 ಕಡತಗಳು 2,670 ಮೈಕ್ರೋಫಿಲ್ಮ್ ಸುರುಳಿಗಳಲ್ಲಿವೆ. 1818ರ ಕಾನೂನು ಕೈಲಾಗದ ಬಡ ಯೋಧರಿಗೆ ಪಿಂಚಣಿ ಕೊಟ್ಟಿತು. ಸುಳ್ಳು ಅರ್ಜಿಗಳು ಬಂದವೆಂದು ಸರ್ಕಾರ 1820ರಲ್ಲಿ ಆಸ್ತಿಯ ಪಟ್ಟಿಯನ್ನೂ ಕೇಳಿತು. 1832ರ ಕಾನೂನು ಬಡತನದ ಷರತ್ತು ಬಿಟ್ಟು ಆರು ತಿಂಗಳಾದರೂ ಸೇವೆ ಸಲ್ಲಿಸಿದವರಿಗೆಲ್ಲ ಬಾಗಿಲು ತೆರೆಯಿತು. ಎಪ್ಪತ್ತು ಎಂಬತ್ತು ದಾಟಿದ ಮುದುಕರು ನ್ಯಾಯಾಲಯದಲ್ಲಿ ನಿಂತು, ಎಲ್ಲಿ ಹುಟ್ಟಿದೆ, ವಯಸ್ಸಿಗೆ ದಾಖಲೆ ಇದೆಯೇ, ಯಾವ ಅಧಿಕಾರಿಗಳ ಕೈಕೆಳಗೆ ಇದ್ದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ವಿಧವೆಯರು ಮದುವೆಯ ಪುರಾವೆಗೆಂದು ಮನೆಯ ಬೈಬಲ್ಲಿನ ಹಾಳೆಗಳನ್ನೇ ಹರಿದು ಲಗತ್ತಿಸಿದರು. ಜರ್ಮನ್ ಕುಟುಂಬಗಳಿಂದ ಬಂದ ಕೆಲವು ಕಡತಗಳಲ್ಲಿ ಹಕ್ಕಿ, ಹೂಬಳ್ಳಿಗಳ ಬಣ್ಣದ ಚಿತ್ತಾರದ ದೀಕ್ಷಾಸ್ನಾನ ಪತ್ರಗಳಿವೆ. ಗೋಡೆಗೋ ಪೆಟ್ಟಿಗೆಗೋ ಸೇರಬೇಕಾಗಿದ್ದ ಮನೆಯ ಆಸ್ತಿ ಅದು. ಕೆಲವು ಡಾಲರ್‌ಗಳ ಆಸೆಗೆ ಸರ್ಕಾರದ ಪಾಲಾಗಿ, ಅದೇ ಕಾರಣಕ್ಕೆ ಉಳಿದುಕೊಂಡಿದೆ.

ಈ ಸಿರಿಯಿಂದ ಎಷ್ಟೋ ಸಲ ಹೊರಗೇ ಉಳಿಯುವವನು ಸರ್ಜನ್. ಬೋಡೋ ಒಟ್ಟೋನನ್ನು ನೋಡಿ. 1711ರಲ್ಲಿ ಜರ್ಮನಿಯ ಹ್ಯಾನೋವರ್ ಸೀಮೆಯಲ್ಲಿ ಹುಟ್ಟಿ, 1755ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದವನು. ಯುದ್ಧದ ಕೆಲಸಕ್ಕೆ ನಿಂತಾಗ ಅವನಿಗೆ 65ರ ಆಸುಪಾಸು. ಅಮೆರಿಕನ್ ಸೈನ್ಯದ ವ್ಯಾಲಿ ಫೋರ್ಜ್ ಶಿಬಿರದಿಂದ ಸುಮಾರು ಹತ್ತು ಮೈಲಿ ದೂರದ ಯೆಲ್ಲೋ ಸ್ಪ್ರಿಂಗ್ಸ್ ಆಸ್ಪತ್ರೆಯನ್ನು ನಡೆಸಿದ. ಮೂವರು ಗಂಡುಮಕ್ಕಳೂ ವೈದ್ಯಕೀಯದಲ್ಲಿ ಅವನ ಜೊತೆಗಿದ್ದರು. 1787ರಲ್ಲಿ ತೀರಿಕೊಂಡ. ಪಿಂಚಣಿ ಕಾನೂನು ಬಂದದ್ದು 31 ವರ್ಷಗಳ ನಂತರ. ನ್ಯಾಯಾಲಯದ ಮುಂದೆ ಅವನು ಹೇಳಿದ ಒಂದು ಮಾತೂ ಹಾಗಾಗಿ ಇಲ್ಲ. ಬಹುಪಾಲು ಸಾಧಾರಣ ಸೈನಿಕರು ಇಪ್ಪತ್ತರ ಹುಡುಗರು. ಅವರಲ್ಲಿ ಅನೇಕರು ಮುಪ್ಪಿನವರೆಗೆ ಬದುಕಿ ಕತೆ ಹೇಳಿದರು. ಕಲಿತು, ಅನುಭವ ಪಡೆದು ಸೈನ್ಯಕ್ಕೆ ಬಂದ ವೈದ್ಯ ಅನೇಕ ಸಲ ವಯಸ್ಸಿನಲ್ಲಿ ಹಿರಿಯ. ಅಂಥವನ ಕತೆ ಅವನೊಂದಿಗೇ ಹೋಯಿತು. ಮೇಲಾಗಿ ಒಟ್ಟೋನ ಒಬ್ಬ ಮಗನ ಹೆಸರೂ ಬೋಡೋ ಒಟ್ಟೋ. ಅವನೂ ವೈದ್ಯ, ನ್ಯೂಜೆರ್ಸಿಯಲ್ಲಿ ನೆಲೆಸಿ 1782ರಲ್ಲಿ ತಂದೆಗಿಂತ ಮೊದಲೇ ಸತ್ತ. ಊರು, ಇಸವಿ ಎರಡನ್ನೂ ತಾಳೆ ನೋಡದೆ ಬರೀ ಹೆಸರು ನಂಬುವವರು ಇಬ್ಬರನ್ನು ಒಬ್ಬನನ್ನಾಗಿ ಮಾಡಿಬಿಡುತ್ತಾರೆ. ರೆಜಿಮೆಂಟಿನ ಸರ್ಜನ್ ಆ ರೆಜಿಮೆಂಟಿನ ಪಟ್ಟಿಯಲ್ಲಿ ಸಿಗುತ್ತಾನೆ. ಆಸ್ಪತ್ರೆ ಇಲಾಖೆಯವನು ಸಿಗುವುದಿಲ್ಲ, ಅದು ಬೇರೆಯೇ ವ್ಯವಸ್ಥೆ. ಪದವೀಧರರ ಪಟ್ಟಿಯೂ ಅಷ್ಟೇನೂ ನೆರವಾಗದು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ವೈದ್ಯ ಪದವೀಧರರ ಪಟ್ಟಿ 1705ರಿಂದಲೇ ಸಿಗುತ್ತದೆ, ನಿಜ. ಆದರೆ ಯುದ್ಧಕ್ಕೆ ಮುಂಚೆ ವಸಾಹತುಗಳಲ್ಲಿದ್ದ ಅಂದಾಜು 3,500 ವೈದ್ಯರಲ್ಲಿ ಪದವಿ ಇದ್ದವರು ಸುಮಾರು 400 ಮಂದಿ ಮಾತ್ರ. ಉಳಿದವರು ಇನ್ನೊಬ್ಬ ವೈದ್ಯನ ಕೈಕೆಳಗೆ ದುಡಿದು ಕಲಿತವರು.

ವಲಸೆಯ ಕಾಗದಗಳಲ್ಲಿ ಇನ್ನೊಂದು ಸ್ವಾರಸ್ಯ. ಜರ್ಮನರು ಪರದೇಶಿಗಳು, 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಹದಿನಾರು ದಾಟಿದ ಗಂಡಸರೆಲ್ಲ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು 1934ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು. ಸ್ಕಾಟ್ಲೆಂಡ್, ಐರ್ಲೆಂಡಿನವರು ಮೊದಲೇ ಬ್ರಿಟಿಷ್ ಪ್ರಜೆಗಳು, ಅವರನ್ನು ಬರೆದಿಟ್ಟುಕೊಳ್ಳುವ ಗೋಜಿಗೆ ಯಾರೂ ಹೋಗಲಿಲ್ಲ. ಸರ್ಕಾರ ಯಾರನ್ನು ಶಂಕೆಯಿಂದ ಕಂಡಿತೋ ಅವರ ಹೆಸರೇ ಉಳಿಯಿತು. ಐರಿಷ್ ಹಿರಿಯನನ್ನು ಹುಡುಕುವವರಿಗೆ ಇನ್ನೂ ಒಂದು ಪೆಟ್ಟು. 1922ರ ಜೂನ್ ಕೊನೆಯಲ್ಲಿ, ಸ್ವತಂತ್ರ ಐರ್ಲೆಂಡಿನ ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡ ಸಿಡಿದು ಶತಮಾನಗಳ ದಾಖಲೆಗಳು ಬೂದಿಯಾದವು. ಒಂದು ಸ್ವಾತಂತ್ರ್ಯ ಯುದ್ಧದ ಸರ್ಜನ್‌ನ ಬೇರು ಇನ್ನೊಂದು ನಾಡಿನ ಸ್ವಾತಂತ್ರ್ಯದ ಬೆಂಕಿಯಲ್ಲಿ ಸುಟ್ಟುಹೋದಂತಾಯಿತು. 1753ರಲ್ಲಿ ಐರ್ಲೆಂಡಿನ ಬ್ಯಾಲಿಮೀನಾದಲ್ಲಿ ಹುಟ್ಟಿ, 1771ರಲ್ಲಿ ವಲಸೆ ಬಂದ ಸರ್ಜನ್ ಜೇಮ್ಸ್ ಮ್ಯಾಕ್‌ಹೆನ್ರಿಯನ್ನು ಚರಿತ್ರೆ ಮರೆಯಲಿಲ್ಲ. ಅವನು ಮುಂದೆ ಸಂವಿಧಾನಕ್ಕೆ ಸಹಿ ಹಾಕಿ ಯುದ್ಧ ಮಂತ್ರಿಯಾದವನು, ಬಾಲ್ಟಿಮೋರಿನ ಕೋಟೆಗೆ ಹೆಸರು ಕೊಟ್ಟವನು. ಅವನ ಓರಗೆಯ ನೂರಾರು ವೈದ್ಯರಿಗೆ ಆ ಭಾಗ್ಯ ಇರಲಿಲ್ಲ.

ಇಷ್ಟು ಕಷ್ಟಪಟ್ಟು ಪತ್ತೆಯಾದವನ ಬಗ್ಗೆ ಅರ್ಜಿಯಲ್ಲಿ ಏನಿರುತ್ತದೆ? ‘ಸರ್ಜನ್, ಪೆನ್ಸಿಲ್ವೇನಿಯಾ’ ಎಂಬಷ್ಟು ಒಂದು ಸಾಲು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಆ ಯುದ್ಧದಲ್ಲಿ ಕಾಳಗದಲ್ಲಿ ಸತ್ತ ಅಮೆರಿಕನ್ ಯೋಧರು ಸುಮಾರು 6,800, ರೋಗದಿಂದ ಸತ್ತವರು ಕಡಿಮೆಯೆಂದರೂ 17,000 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ವೈದ್ಯನ ಯುದ್ಧ ನಡೆದದ್ದು ಟೈಫಸ್, ಸಿಡುಬು, ಆಮಶಂಕೆಗಳ ಜೊತೆ. ಹೆಚ್ಚು ಸಲ ಸೋತದ್ದೂ ಅಲ್ಲೇ. ಯೆಲ್ಲೋ ಸ್ಪ್ರಿಂಗ್ಸಿನಲ್ಲಿ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟ ವೈದ್ಯ ಸ್ಯಾಮ್ಯುಯೆಲ್ ಕೆನಡಿ 1778ರಲ್ಲಿ ಅದೇ ಆಸ್ಪತ್ರೆಯ ಜ್ವರ ತಗುಲಿ ಸತ್ತ. ಅದೇ ವರ್ಷ ಸೈನ್ಯದ ಆಸ್ಪತ್ರೆಗಳಿಗೆಂದು ವಿಲಿಯಂ ಬ್ರೌನ್ ಲ್ಯಾಟಿನ್ನಿನಲ್ಲಿ 32 ಪುಟಗಳ ಔಷಧ ಕೈಪಿಡಿ ತಂದ. ಯುದ್ಧದ ಕೊರತೆ, ಬಡತನಕ್ಕೆ ತಕ್ಕಂತೆ ಹೊಂದಿಸಿದ ಔಷಧಗಳಿವು ಎಂದು ಅದರ ಮುಖಪುಟವೇ ಒಪ್ಪಿಕೊಳ್ಳುತ್ತದೆ. ಕಡಲ ದಾರಿ ಕಟ್ಟಿದ್ದಾಗ ಸಿಂಕೋನಾ ತೊಗಟೆ, ಅಫೀಮು ಸಿಗದ ಆಸ್ಪತ್ರೆಯಲ್ಲಿ ಸರ್ಜನ್ ಏನು ಮಾಡಬಲ್ಲವನಾಗಿದ್ದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಇದನ್ನು ಓದದೆ ಹಿರಿಯನ ಸೇವೆಯನ್ನು ಅರಿತೆ ಎನ್ನುವುದು ಬರೀ ಮಾತು.

ಆ ಸೇವೆಯ ಮಸಿಯೂ ಇಲ್ಲಿ ಕಾಣಬೇಕು. ಆಸ್ಪತ್ರೆ ಇಲಾಖೆಯ ಮೊದಲ ಮುಖ್ಯಸ್ಥ ಬೆಂಜಮಿನ್ ಚರ್ಚ್ 1775ರಲ್ಲೇ ಶತ್ರುವಿಗೆ ಗುಟ್ಟು ತಲುಪಿಸಿ ಸಿಕ್ಕಿಬಿದ್ದ. ಎರಡನೆಯವನಾದ ಜಾನ್ ಮಾರ್ಗನ್ 1777ರಲ್ಲಿ ವಜಾ ಆದ. ಮೂರನೆಯವನಾದ ವಿಲಿಯಂ ಶಿಪ್ಪೆನ್ ಆಸ್ಪತ್ರೆಯ ಸರಕು ಮಾರಿಕೊಂಡ ಆರೋಪದ ಮೇಲೆ 1780ರಲ್ಲಿ ಸೈನಿಕ ವಿಚಾರಣೆ ಎದುರಿಸಿ, ಖುಲಾಸೆಯಾದ. ಇನ್ನು ಕೈಚಳಕದ ಮಾತು. ಸರಟೋಗಾ ಕಾಳಗದ ನಂತರ ಆಲ್ಬನಿಯ ಆಸ್ಪತ್ರೆಯಲ್ಲಿ ಸೆರೆಯಾದ ಬ್ರಿಟಿಷ್ ಪಡೆಯ ವೈದ್ಯರು ತಮ್ಮ ಕಡೆಯ ಗಾಯಾಳುಗಳನ್ನು ಕೊಯ್ಯುವುದನ್ನು ಯುವ ಸರ್ಜನ್ ಜೇಮ್ಸ್ ಥ್ಯಾಚರ್ ಕಂಡ. 1823ರಲ್ಲಿ ಅಚ್ಚಾದ ತನ್ನ ದಿನಚರಿಯಲ್ಲಿ ಇಂಗ್ಲಿಷ್ ಸರ್ಜನ್‌ಗಳ ಕೈಯನ್ನು ಹೊಗಳುತ್ತಾನೆ. ಅದೇ ಪಡೆಯ ಜರ್ಮನ್ ಸರ್ಜನ್‌ಗಳಲ್ಲಿ ಕೆಲವರನ್ನು ಬಿಟ್ಟರೆ ಉಳಿದವರು ವೃತ್ತಿಗೇ ಅವಮಾನ ಎಂಬ ಧಾಟಿಯಲ್ಲಿ ಬರೆಯುತ್ತಾನೆ. ಅರಿವಳಿಕೆ ಇನ್ನೂ ಹುಟ್ಟಿರದ ಕಾಲ. ಕೈ ನಿಧಾನವಾದರೆ ಅದರ ಬೆಲೆ ತೆರುತ್ತಿದ್ದವನು ರೋಗಿ.

ಯಾವ ಪಕ್ಷ ಎಂಬುದೂ ವಲಸಿಗ ಸರ್ಜನ್‌ಗೆ ಹುಟ್ಟಿನಿಂದ ಬಂದದ್ದಲ್ಲ. ಎಡ್ವರ್ಡ್ ಹ್ಯಾಂಡ್ ಅಮೆರಿಕಕ್ಕೆ ಬಂದದ್ದೇ 1767ರಲ್ಲಿ, ಬ್ರಿಟಿಷ್ ಸೈನ್ಯದ ರಾಯಲ್ ಐರಿಷ್ ರೆಜಿಮೆಂಟಿನ ಸರ್ಜನ್‌ನ ಸಹಾಯಕನಾಗಿ. 1774ರಲ್ಲಿ ಹುದ್ದೆ ಬಿಟ್ಟು, ಮುಂದೆ ವಾಷಿಂಗ್ಟನ್ನನ ಸೈನ್ಯದಲ್ಲಿ ಸೇನಾನಿಯಾದ. ಹ್ಯೂ ಮರ್ಸರ್ ಬ್ರಿಟಿಷ್ ದೊರೆಯ ವಿರುದ್ಧ ಬಂಡೆದ್ದು 1746ರಲ್ಲಿ ಸ್ಕಾಟ್ಲೆಂಡಿನ ಕಲ್ಲೋಡನ್ ಕಾಳಗದಲ್ಲಿ ಸೋತ ಜಾಕೊಬೈಟ್ ದಂಡಿನ ಸರ್ಜನ್ ಆಗಿದ್ದು, ತಲೆತಪ್ಪಿಸಿಕೊಂಡು ಬಂದವನು; 1777ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಬ್ರಿಟಿಷರ ಬಯನೆಟ್ಟಿಗೆ ಬಲಿಯಾದ. ಇಂಥ ಹಿನ್ನೆಲೆಯ ಇನ್ನೆಷ್ಟೋ ವೈದ್ಯರು ದೊರೆಯ ಕಡೆ ನಿಂತು ಕೆನಡಾಕ್ಕೆ ಹೋದರು. ಅವರ ವಂಶಸ್ಥರಿಗೆ ಅಲ್ಲಿ ಬೇರೆ ಸಂಘವಿದೆ. ಅದೇ ವೃತ್ತಿ, ಅದೇ ಗರಗಸ, ಅದೇ ಗಾಯ. ಗೆದ್ದ ಕಡೆಯವನು ದೇಶಭಕ್ತನಾದ, ಸೋತ ಕಡೆಯವನು ಪಟ್ಟಿಯಿಂದ ಹೊರಗೆ. ಹಿರಿಯ ಯಾಕೆ ಈ ಕಡೆ ನಿಂತ ಎಂದು ಕೇಳದ ವಂಶಾವಳಿ ಅವನ ಬದುಕಿನ ಬಹುದೊಡ್ಡ ತೀರ್ಮಾನವನ್ನೇ ಬಿಟ್ಟುಬಿಡುತ್ತದೆ.

ಸೇವೆಗೆ ಸಂದ ಪ್ರತಿಫಲದ ಲೆಕ್ಕವೂ ಹಾಗೆಯೇ ಬಿಟ್ಟುಹೋಗುತ್ತದೆ. 1780ರ ನಿರ್ಣಯದಂತೆ ರೆಜಿಮೆಂಟಿನ ಸರ್ಜನ್‌ಗೆ 400 ಎಕರೆ, ಸಹಾಯಕನಿಗೆ 300 ಎಕರೆ ಭೂಮಿಯ ಭರವಸೆ ಸಿಕ್ಕಿತು. ಆಮೇಲೆ ಓಹಾಯೋದಲ್ಲಿ ಗುರುತಿಸಿದ ಆ ನೆಲ ಅಲ್ಲಿನ ಮೂಲನಿವಾಸಿಗಳದು. ಯುದ್ಧ, ಒಪ್ಪಂದಗಳ ಹೆಸರಿನಲ್ಲಿ ಅವರಿಂದ ಕಿತ್ತುಕೊಂಡದ್ದು. ಭೂಮಿಯ ವಾರಂಟನ್ನು ಸೇವೆಯ ಪುರಾವೆಯಾಗಿ ಲಗತ್ತಿಸುವವರು ಅದರಲ್ಲಿ ನಮೂದಾದ ಭೂಮಿ ಯಾರದೆಂದು ಕೇಳುವುದು ಅಪರೂಪ.

ಹಾಗಾದರೆ ಒಳ್ಳೆಯ ಹುಡುಕಾಟ ಹೇಗಿರಬೇಕು? ಜೇಮ್ಸ್ ಗಿಬ್ಸನ್ 1937ರಲ್ಲಿ ಬೋಡೋ ಒಟ್ಟೋನ ಬಗ್ಗೆ ಪುಸ್ತಕ ತಂದಾಗ ಅದರ ಹೆಸರಿನಲ್ಲೇ ಕ್ರಾಂತಿಯ ವೈದ್ಯಕೀಯ ಹಿನ್ನೆಲೆಯನ್ನೂ ಸೇರಿಸಿದ್ದ. ದಿಕ್ಕು ಸರಿ. ಮೊದಲು ಮನುಷ್ಯ, ಆಮೇಲೆ ಅವನ ಆಸ್ಪತ್ರೆ, ಅದರ ಜೊತೆಗೆ ಅಲ್ಲಿ ಮಲಗಿದ್ದವರು. ಏಳು ತಲೆಮಾರು ಹಿಂದಕ್ಕೆ ಹೋದರೆ ನಮ್ಮೆಲ್ಲರಿಗೂ 128 ಹಿರಿಯರಿರುತ್ತಾರೆ. ಅವರಲ್ಲಿ ಒಬ್ಬ ಸರ್ಜನ್‌ನನ್ನು ಮಾತ್ರ ಎತ್ತಿ ಗೋಡೆಗೆ ತೂಗುಹಾಕುವುದು ಆಯ್ಕೆ, ಚರಿತ್ರೆಯಲ್ಲ. 2026ಕ್ಕೆ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಹೊಸ ಅರ್ಜಿಗಳಿಗೆ ಇದು ಒಳ್ಳೆಯ ಕಾಲ. ಸಂಘಗಳು ಅರ್ಜಿಯಲ್ಲಿ ಇನ್ನೊಂದು ಅಂಕಣ ಸೇರಿಸಲಿ: ಆ ಹಿರಿಯ ದುಡಿದ ಆಸ್ಪತ್ರೆಯಲ್ಲಿ ಎಷ್ಟು ಮಂದಿ ದಾಖಲಾದರು, ಎಷ್ಟು ಮಂದಿ ಎದ್ದು ನಡೆದು ಹೋದರು? ಆ ಅಂಕಣ ತುಂಬಲು ಹೊರಟವರು ವಂಶಸ್ಥರಾಗಿರದಿದ್ದರೂ ಸರಿ, ಆ ಸರ್ಜನ್‌ನನ್ನು ಹೆಚ್ಚು ಬಲ್ಲವರು ಅವರೇ.