ಪುಸ್ತಕಕ್ಕಿಂತ ಮೊದಲು ಕಂಬಳಿ

'ಬೆಟ್ಟದ ಹೂವು' (1985) ಅಂದ್ರೆ ನಮಗೆ ನೆನಪಾಗೋದು ಪುಟ್ಟ ಪುನೀತ್, ಅವರಿಗೆ ಬಂದ ರಾಷ್ಟ್ರಪ್ರಶಸ್ತಿ. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿ ಆಧರಿಸಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಸಿನಿಮಾ. ಬಡಹುಡುಗ ರಾಮು ವಿದೇಶಿ ಮೇಡಂಗೆ ಕಾಡಿನ ಹೂ ತಂದುಕೊಟ್ಟು ಕಾಸು ಕೂಡಿಸ್ತಾನೆ. ಆಸೆ 'ಶ್ರೀ ರಾಮಾಯಣ ದರ್ಶನಂ' ಮೇಲೆ. ಕೊನೆಗೆ ಕೊಳ್ಳೋದು ಮನೆಯವರಿಗೆ ಕಂಬಳಿ.

ನಾವು ಅದನ್ನ ತ್ಯಾಗ ಅಂತ ಕಣ್ಣೊರೆಸಿಕೊಳ್ತೀವಿ. ನನ್ನ ತಕರಾರು ಇಲ್ಲೇ. ಓದೋ ಹುಡುಗ ಪುಸ್ತಕ, ಕಂಬಳಿ ಎರಡರಲ್ಲಿ ಒಂದನ್ನೇ ಯಾಕೆ ಆರಿಸಬೇಕು? ಆ ಪ್ರಶ್ನೆ ಕಣ್ಣೀರಲ್ಲಿ ಕೊಚ್ಚಿಹೋಗುತ್ತೆ.

ಸಿನಿಮಾದ ಬೆಟ್ಟ ಬಿಟ್ಟು ಕೊರಟಗೆರೆ ಕಡೆಯ ನಮ್ಮ ಸಿದ್ದರಬೆಟ್ಟಕ್ಕೆ ಬನ್ನಿ. ಭಾನುವಾರ ಹತ್ತಿ ಇಳಿದು, ದಾರೀಲಿ ಸಿಗೋ ಹಳ್ಳಿ ಮಕ್ಕಳಿಗೆ ಕಂಪನಿ ಲೋಗೋ ಇರೋ ಬ್ಯಾಗ್ ಕೊಟ್ಟು ಫೋಟೊ ತೆಗೆಸಿಕೊಂಡ್ರೆ ನಾವೂ ಆ ಸಿನಿಮಾದ ಪ್ರೇಕ್ಷಕರೇ.

ಬಿಳಿಗಿರಿರಂಗನಬೆಟ್ಟದಲ್ಲಿ ಬೇರೆ ಥರ ನಡೆದಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಜೊತೆ ಆಸ್ಪತ್ರೆ, ಶಾಲೆ, ದುಡಿಮೆ ಮೂರನ್ನೂ ಕಟ್ಟಿತು. 2011ರಲ್ಲಿ ಸೋಲಿಗರು ತಮ್ಮ ಕಾಡಿನ ಮೇಲೆ ಸಮುದಾಯದ ಹಕ್ಕನ್ನೂ ಪಡೆದರು. ರಾಮು ಕಿತ್ತ ಹೂವಿನ ಬೆಲೆ ಮಾತ್ರ ಮೇಡಂ ಕೊಟ್ಟಷ್ಟೇ.

ಮುಂದಿನ ಸಲ ಬ್ಯಾಗ್ ಆರ್ಡರ್ ಮಾಡೋ ಮುಂಚೆ ಊರಿನ ಮೇಷ್ಟ್ರಿಗೊಂದು ಫೋನ್ ಮಾಡಿ: ಯಾವ ಮಗು ಶಾಲೆ ಬಿಟ್ಟಿದೆ, ಯಾಕೆ?